ಸಮರ್ಥನೆಗೆ ಯೋಗ್ಯ

ಬರ್ಗನ್, ೨ ಫೆಬ್ರವರಿ ೨೦೦೩

ಪ್ರೀತಿಯ ಓಲೌಗ್ ಅಕ್ಕನಿಗೆ,

ನಿನ್ನ ಮಗಳು ಸಿಗ್ನೆಯೇ ಫೋನ್ ಮಾಡಿ ಹೇಳಿರುತ್ತಾಳೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ವರದಿ ಮೊದಲು ಬಂದದ್ದು ವಿಶ್ವವಿದ್ಯಾಲಯದಲ್ಲಿ ನನ್ನ ಅನುವಾದದ ಮೇಜಿಗೆ. ಅವಳ ಮಹಾಪ್ರಬಂಧ ಓದಿದ ಸಮಿತಿಯಲ್ಲಿ ನಮ್ಮವರಿಬ್ಬರು, ಇಂಗ್ಲೆಂಡಿನವರೊಬ್ಬರು. ನಮ್ಮವರು ಬರೆದದ್ದನ್ನು ನಾನು ಇಂಗ್ಲಿಷಿಗೆ ತಂದೆ, ಇಂಗ್ಲೆಂಡಿನ ಪ್ರೊಫೆಸರ್ ಲ್ಯಾಂಗ್‌ಥೋರ್ನ್ ಮೂರನೆಯ ಸಹಿ ಹಾಕಿ ಕಳಿಸಿದರು. "ಸಮರ್ಥನೆಗೆ ಯೋಗ್ಯ." ನಮ್ಮಲ್ಲಿ ಈ ಮಾತು ಬಂತೆಂದರೆ ಡಾಕ್ಟರೇಟ್ ಬಂದ ಹಾಗೆಯೇ. ಮಾರ್ಚ್ ಇಪ್ಪತ್ತೆಂಟರಂದು ಸಭಾಂಗಣದಲ್ಲಿ ಇಬ್ಬರು ಎದುರಾಳಿಗಳು ಪ್ರಶ್ನೆ ಕೇಳುತ್ತಾರೆ, ಅವಳು ಉತ್ತರ ಹೇಳುತ್ತಾಳೆ, ನಾವು ಚಪ್ಪಾಳೆ ತಟ್ಟುತ್ತೇವೆ, ಸಂಜೆ ಊಟ. ನೀನು ನಿನ್ನ ಹಬ್ಬದ ಉಡುಪು ಬುನಾಡ್ ತೆಗೆದು ಇಸ್ತ್ರಿ ಮಾಡಿಸು.

ನನ್ನ ಕಥೆ ಕೇಳು. ಶರತ್ಕಾಲದಿಂದ ನಮ್ಮ ಪದವಿಗಳ ಹೆಸರುಗಳೆಲ್ಲ ಬದಲಾಗುತ್ತವಂತೆ, ಪ್ರತಿಯೊಂದಕ್ಕೂ ಇಂಗ್ಲಿಷ್ ಹೆಸರು ಬೇಕಂತೆ, ನಿಯಮಗಳೂ ಇಂಗ್ಲಿಷಿಗೆ ಬರಬೇಕಂತೆ. ನಮ್ಮ ಮುಖ್ಯಸ್ಥ ಯೋಸ್ಟೈನ್ ಒಂದು ಕಟ್ಟು ತಂದು ನನ್ನ ಕಾಫಿಯ ಪಕ್ಕದಲ್ಲಿ ಇಟ್ಟು, "ಟೋರುನ್, ಈಸ್ಟರ್ ಒಳಗೆ ಮುಗಿಸಿಬಿಡು, ಸಣ್ಣ ಕೆಲಸ" ಅಂದ. ಕಟ್ಟು ಬಿಚ್ಚಿ ನೋಡಿ ಕಣ್ಣು ಕಣ್ಣು ಬಿಟ್ಟೆ. ಪ್ರೊಫೆಸರಿಗಿಂತ ಒಂದು ಮೆಟ್ಟಿಲು ಕೆಳಗಿನವರಿಗೆ ನಾವು ಇಟ್ಟುಕೊಂಡಿರುವ ಲ್ಯಾಟಿನ್ ಹೆಸರನ್ನು ಹಾಗೇ ಇಳಿಸಿದರೆ "ಮೊದಲನೆಯ ಕೈಯಾಳು" ಎಂದಾಗುತ್ತದೆ. ಆ ಕಾರ್ಡ್ ಹಿಡಿದು ಒಬ್ಬರು ಅಮೆರಿಕಕ್ಕೆ ಹೋದರೆ ಅಲ್ಲಿ ಕೈಗೆ ಪೊರಕೆ ಕೊಟ್ಟಾರು.

ನಿನ್ನ ಟೋರುನ್

---

ವಾರ್ಡೋ, ೧೬ ಫೆಬ್ರವರಿ

ಟೋರುನ್,

ಫೋನ್ ಮಾಡುವುದಿಲ್ಲ ಎಂದು ಬೈಯಬೇಡ. ನನ್ನ ಫೋನಿರುವುದು ಸಲೂನಿನಲ್ಲಿ, ಅಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತವರ ಕಿವಿಗಳೆಲ್ಲ ನನ್ನ ಕಡೆಗೇ ಇರುತ್ತವೆ. ಆದರೂ ಈ ಸುದ್ದಿಯನ್ನು ನಾನೇ ಎಲ್ಲರಿಗೂ ಹೇಳಿದೆ. ಪಾದ್ರಿಯ ಹೆಂಡತಿಗೆ ಎರಡು ಸಲ ಹೇಳಿದೆ. ಮೊದಲ ಸಲ ಅವಳ ತಲೆ ನೀರಿನಲ್ಲಿತ್ತು, ಸರಿಯಾಗಿ ಕೇಳಿಸಿರಲಿಕ್ಕಿಲ್ಲ.

ನಿನ್ನ ಭಾವ ಹೋಕನ್ ಹೊಸ ಬೂಟು ತಗೊಂಡು ಮನೆಯೊಳಗೆ ನಡೆದು ಅಭ್ಯಾಸ ಮಾಡುತ್ತಿದ್ದಾರೆ. ಊಟದ ಹೊತ್ತಿಗೆ ಅಪ್ಪನಾದವನು ಎರಡು ಮಾತಾಡಬೇಕಲ್ಲ, ಅದನ್ನು ದೋಣಿಯಲ್ಲಿ ಮೀನುಗಳ ಮುಂದೆ ಹೇಳಿ ನೋಡಿಕೊಳ್ಳುತ್ತಾರಂತೆ. "ಅವು ಎದುರು ಮಾತಾಡಲ್ಲ ನೋಡು" ಅನ್ನುತ್ತಾರೆ. ನಾನು ಮುಲ್ತೆ ಹಣ್ಣಿನ ಜಾಮು ಕಟ್ಟಿಟ್ಟಿದ್ದೇನೆ, ಬರ್ಗನ್ನಿನ ಅಂಗಡಿಯ ಜಾಮು ಡಾಕ್ಟರಮ್ಮನ ಊಟಕ್ಕೆ ಬೇಡ.

ಒಂದು ಮಾತು ಕೇಳಬೇಕು, ನಗಬೇಡ. ಆ ಇಂಗ್ಲಿಷಿನವನು ಎಲ್ಲರ ಮುಂದೆ ಎದ್ದು ನಿಂತು ಬೇಡ ಅಂದುಬಿಟ್ಟರೆ? ನಿಮ್ಮಲ್ಲಿ "ಎದುರಾಳಿ" ಅಂತ ಹೆಸರಿಟ್ಟಿದ್ದೀರಿ, ಹೆಸರು ಕೇಳಿದರೇ ನನಗೆ ಹೆದರಿಕೆ.

ಓಲೌಗ್

---

ಬರ್ಗನ್, ೩ ಮಾರ್ಚ್

ಅಕ್ಕ,

ನಕ್ಕೆ, ಕ್ಷಮಿಸು. ಇಷ್ಟು ವರ್ಷ ಈ ಕಟ್ಟಡದಲ್ಲಿದ್ದೇನೆ, ಸಮರ್ಥನೆಯ ದಿನ ಯಾರಿಗೂ ಯಾರೂ ಬೇಡ ಅಂದಿಲ್ಲ. ಬೇಡ ಅನ್ನುವುದೇನಿದ್ದರೂ ವರದಿಯಲ್ಲೇ ಅಂದುಬಿಡುತ್ತಾರೆ. ಪುಸ್ತಕ ಅಚ್ಚಾಗಿ ಗ್ರಂಥಾಲಯದಲ್ಲಿ ಕೂತಮೇಲೆ ಉಳಿಯುವುದು ಹಬ್ಬ ಮಾತ್ರ. ನಿನಗೆ ಹೆಸರೇ ಹೆದರಿಕೆಯಾದರೆ ಸಮಾಧಾನ ಮಾಡಿಕೋ, ಆಮಂತ್ರಣದಲ್ಲಿ "ಎದುರಾಳಿ" ಎಂದು ಹಾಕಿಲ್ಲ. ಇಂಗ್ಲಿಷಿನಲ್ಲಿ ಅದು ಜಗಳಕ್ಕೆ ಕರೆದಂತೆ ಕೇಳುತ್ತದೆ. ಅವರ ದೇಶದಲ್ಲಿ ಈ ಕೆಲಸ ಮಾಡುವವರನ್ನು "ಎಕ್ಸಾಮಿನರ್" ಅನ್ನುತ್ತಾರೆ, ಅದನ್ನೇ ಬರೆದೆ. ವರದಿಯಲ್ಲಿದ್ದ "ಸಮರ್ಥನೆಗೆ ಯೋಗ್ಯ" ಎನ್ನುವುದನ್ನೂ ಅವರ ರೂಢಿಯ ಮಾತಿಗೆ ತಂದು "ಪರೀಕ್ಷೆಗೆ ಯೋಗ್ಯ" ಎಂದೆ. ಯೋಸ್ಟೈನ್ ಓದಿ, "ಇದು ಇಂಗ್ಲಿಷ್ ಅಂದ್ರೆ" ಎಂದು ಹೊಗಳಿದ.

ಆ ಪ್ರೊಫೆಸರ್ ಮೂರನೇ ಅಧ್ಯಾಯದ ಮೇಲೆ ಒಂದು ಪುಟದಷ್ಟು ಪ್ರಶ್ನೆ ಕಳಿಸಿದ್ದಾರೆ. ನಮ್ಮವರಿಬ್ಬರಿಗೂ ಖುಷಿ, ಸಭೆಯಲ್ಲಿ ಮಾತು ರಂಗೇರುತ್ತದೆ ಎಂದು.

ನೀವು ಹಡಗಿನಲ್ಲಿ ಬರುತ್ತೀರೋ ವಿಮಾನದಲ್ಲೋ ಬೇಗ ತಿಳಿಸು.

ಟೋರುನ್

---

ಹಡಗಿನಿಂದ, ೩೧ ಮಾರ್ಚ್

ಟೋರುನ್,

ಅಕ್ಷರ ಓದಲಾಗದಿದ್ದರೆ ಹಡಗಿನ ತಪ್ಪು ಎಂದುಕೋ.

ಆ ಇಂಗ್ಲಿಷಿನವನು ನಗುತ್ತಿದ್ದ, ಕಣೇ. ಅದೇ ನನಗೆ ತಲೆಯಿಂದ ಹೋಗುತ್ತಿಲ್ಲ. ಮಧ್ಯಾಹ್ನದವರೆಗೂ ಎಲ್ಲ ಚೆನ್ನಾಗಿತ್ತು, ಅವನು ಕೇಳಿದ, ಇವಳು ಹೇಳಿದಳು, ಅರ್ಥವಾಗದಿದ್ದರೂ ನಾನು ತಲೆಯಾಡಿಸುತ್ತಿದ್ದೆ. ಕೊನೆಗೆ ಅವನು ಎದ್ದು ನಿಂತು ನಗುನಗುತ್ತ ಏನೋ ಹೇಳಿದ. ಚಪ್ಪಾಳೆಗೆಂದು ನಾನು ಕೈ ಎತ್ತಿದ್ದೆ. ಯಾರೂ ತಟ್ಟಲಿಲ್ಲ. ಕರಿ ನಿಲುವಂಗಿಯ ಡೀನ್ ಮುಖ ಸುಣ್ಣದಂತಾಯಿತು. ನಿನ್ನ ಭಾವ, "ಏನಂದ? ಏನಂದ?" ಎಂದು ನನ್ನ ತೋಳು ಹಿಡಿದರು. ನೀನಿದ್ದದ್ದು ವೇದಿಕೆಯ ಹತ್ತಿರ, ಹಿಂದಿನ ಸಾಲಿನ ಹುಡುಗ ನಮ್ಮ ಭಾಷೆಯಲ್ಲಿ ಮೆಲ್ಲಗೆ ಹೇಳಿದ: "ಈಗ ಸಹಿ ಹಾಕಲ್ಲ ಅಂದ್ರು. ಆರು ತಿಂಗಳು ತಿದ್ದಲಿ ಅಂದ್ರು."

ಆಮೇಲೆ ಅವನು ಊಟಕ್ಕೂ ಬಂದ. ಟೈ ಕಟ್ಟಿಕೊಂಡು, ಹೂವು ಹಿಡಿದುಕೊಂಡು. ಹೋಕನ್ ತಮ್ಮ ಮಾತಿನ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡರು. ಅವನು ಗ್ಲಾಸು ಎತ್ತಿ ಉದ್ದಕ್ಕೆ ಮಾತಾಡಿದ. ನಾನು ನಿನ್ನ ಕಡೆ ನೋಡಿದೆ. ನೀನು, "ಮೀನು ಚೆನ್ನಾಗಿದೆ ಅಂತಿದಾರೆ, ಅಕ್ಕ" ಅಂದೆ.

ಊರಿಗೆ ಹೋಗಿ ಸಲೂನಿನ ಬಾಗಿಲು ಹೇಗೆ ತೆಗೆಯಲಿ? ಸಿಗ್ನೆ ನಮ್ಮ ಜೊತೆ ಬಂದಿದ್ದಾಳೆ. ಡೆಕ್ಕಿನ ಮೇಲೆ ನಿಂತವಳು ಒಳಗೆ ಬರುವುದೇ ಇಲ್ಲ.

ನೀನು ಆ ಮನುಷ್ಯನಿಗೆ ಏನು ಬರೆದಿದ್ದೆ?

ಓಲೌಗ್

---

ಬರ್ಗನ್, ೭ ಏಪ್ರಿಲ್

ಅಕ್ಕ,

ಏನು ಬರೆದಿದ್ದೆ ಎಂದು ನಾನೂ ಮತ್ತೆ ಮತ್ತೆ ತೆಗೆದು ನೋಡಿದ್ದೇನೆ. ಒಂದು ಪದವೂ ತಪ್ಪಿಲ್ಲ. ಅದಕ್ಕೇ ನನ್ನ ಎದೆ ಒಡೆಯುತ್ತಿದೆ.

ಅವರ ದೇಶದಲ್ಲಿ ಪರೀಕ್ಷೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದಂತೆ. ಅಪ್ಪ ಅಮ್ಮ ಇರುವುದಿಲ್ಲ, ಬುನಾಡ್ ಇಲ್ಲ, ಊಟ ಕಾಯುತ್ತಿರುವುದಿಲ್ಲ. ಪುಸ್ತಕ ಅಚ್ಚಾಗಿರುವುದೂ ಇಲ್ಲ, ಬರೀ ಹಾಳೆಗಳು. ಒಳಗೆ ಹೋದವರಲ್ಲಿ ಹೆಚ್ಚಿನವರು "ಇಷ್ಟು ತಿದ್ದು" ಎನಿಸಿಕೊಂಡೇ ಹೊರಗೆ ಬರುತ್ತಾರೆ, ತಿದ್ದಿ ಕೊಟ್ಟು ಡಾಕ್ಟರಾಗುತ್ತಾರೆ. ಆರು ತಿಂಗಳೆಂದರೆ ಅಲ್ಲಿ ಗೆದ್ದ ಹಾಗೆ. "ಪರೀಕ್ಷೆಗೆ ಯೋಗ್ಯ" ಎಂದು ನಾನು ಬರೆದದ್ದಕ್ಕೆ ಅವರು ಒಳಗೆ ಬಿಡಿ ಎನ್ನುವ ಅರ್ಥದಲ್ಲಿ ಸಹಿ ಹಾಕಿದರು. ನಮ್ಮಲ್ಲಿ ಅದೇ ತೀರ್ಪು. ಅವರ ಪದ ಕೊಟ್ಟೆ, ಪದದ ಹಿಂದೆಯೇ ಅವರ ಊರಿನ ನಡಾವಳಿಯೂ ಬಂದು ನಮ್ಮ ಸಭಾಂಗಣದಲ್ಲಿ ಕೂತಿತು.

ನಮ್ಮ ನಿಯಮದಲ್ಲಿ ಎರಡೇ ದಾರಿ, ಹೌದು ಅಥವಾ ಇಲ್ಲ. ತಿದ್ದುವುದು ಎಂಬುದೇ ಇಲ್ಲ. ಕೊನೆಯ ತೀರ್ಪಿನ ಮೇಲೆ ಮೂರನೇ ಸಹಿ ಬರುವವರೆಗೆ ಡೀನ್ ಎಲ್ಲವನ್ನೂ ತಡೆಹಿಡಿದಿದ್ದಾರೆ. ಯೋಸ್ಟೈನ್ ಕಾರಿಡಾರಿನಲ್ಲಿ ನನ್ನನ್ನು ಕಂಡರೆ ಗೋಡೆಯ ಫಲಕ ಓದುತ್ತ ನಿಲ್ಲುತ್ತಾನೆ.

ಏನಾದರೂ ಮಾಡುತ್ತೇನೆ. ಸ್ವಲ್ಪ ಸಮಯ ಕೊಡು.

ಟೋರುನ್

---

ವಾರ್ಡೋ, ೧೪ ಏಪ್ರಿಲ್

ಟೋರುನ್,

ಸಮಯ ಯಾಕೆ ಬೇಕು? ತಪ್ಪು ನನ್ನದು, ನಿಮಗೆ ಸರಿಯಾಗಿ ತಿಳಿಸಲಿಲ್ಲ, ಸಹಿ ಹಾಕಿ. ಇಷ್ಟು ಬರೆಯಲು ನಿನ್ನಂಥವಳಿಗೆ ಒಂದು ನಿಮಿಷ ಸಾಕು. ಕೆಲಸ ಹೋದೀತೆಂದು ಹೆದರಿಕೆಯೇ? ಹಾಗಿದ್ದರೆ ನೇರವಾಗಿ ಹೇಳು, ನಾನು ಬೇರೆ ದಾರಿ ನೋಡಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಆ ದಿನ ಊಟದಲ್ಲಿ ಅವನು ಮೀನಿನ ಮಾತೇ ಎತ್ತಲಿಲ್ಲವಂತೆ. ಸಿಗ್ನೆ ಹೇಳಿದಳು. "ಅಮ್ಮ, ಅವ್ರು ಅಂದಿದ್ದು ಬೇರೆ. ಹತ್ತು ವರ್ಷದಲ್ಲಿ ಓದಿದ ಪ್ರಬಂಧಗಳಲ್ಲಿ ಇದೇ ಒಳ್ಳೇದಾಗುತ್ತೆ, ಒಂದು ಅಧ್ಯಾಯ ಸರಿಯಾದ್ರೆ. ಇಂಥ ಮಗಳನ್ನ ಬೆಳೆಸಿದವರ ಜೊತೆ ಕೂತು ಊಟ ಮಾಡೋದು ತನ್ನ ಪುಣ್ಯ ಅಂದ್ರು." ನೀನು ಅಷ್ಟನ್ನೂ ನುಂಗಿ ನನ್ನ ತಟ್ಟೆಗೆ ಮೀನು ಬಡಿಸಿದೆ. ನಾನು ಆ ಮನುಷ್ಯನ ಕೈ ಕುಲುಕದೆ ಎದ್ದು ಹೋದೆ. ನನ್ನನ್ನು ಎಂಥವಳು ಅಂದುಕೊಂಡನೋ.

ಸಲೂನಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಎಲ್ಲರೂ ಹವಾಮಾನದ ವಿಚಾರ ಮಾತಾಡುತ್ತಾರೆ. ಪಾದ್ರಿಯ ಹೆಂಡತಿ ಹೋಗುವಾಗ ನನ್ನ ಕೆನ್ನೆ ಸವರಿದಳು, ಬೈದಿದ್ದರೇ ವಾಸಿಯಿತ್ತು.

ಸಿಗ್ನೆ ದೋಣಿಮನೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತಿದ್ದಾಳೆ. ಪಾಪ, ದುಃಖಕ್ಕೆ ಏನಾದರೊಂದು ಬೇಕಲ್ಲ.

ಬರೆ. ಇವತ್ತೇ ಬರೆ.

ಓಲೌಗ್

---

ಬರ್ಗನ್, ೨೨ ಏಪ್ರಿಲ್

ಅಕ್ಕ,

ಬರೆದಾಗಿತ್ತು. ಪ್ರೊಫೆಸರಿಗೆ ಎಲ್ಲ ವಿವರಿಸಿ ಕಳೆದ ವಾರವೇ ಕಾಗದ ಹಾಕಿದ್ದೆ. ನಿನಗೆ ಹೇಳಲಿಲ್ಲ, ಏಕೆಂದರೆ ಅವರು ಉತ್ತರಿಸದೆ ಹೋದರೆ ನೀನು ಎರಡನೆಯ ಸಲ ಕುಸಿಯುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಕೆಲಸದ ಹೆದರಿಕೆ ಎಂದೆಯಲ್ಲ, ಅದು ನೋಯಿಸಿತು. ಆದರೆ ಮೀನಿನ ವಿಷಯದಲ್ಲಿ ನಿನ್ನ ಬೈಗುಳ ನನಗೆ ಸಲ್ಲಬೇಕಾದ್ದೇ. ನಿನ್ನ ಮುಖ ನೋಡಿದೆ, ಹೊಗಳಿಕೆಯನ್ನು ಹೇಳಿದರೆ ಅಣಕಿಸಿದಂತೆ ಕೇಳುತ್ತದೆ ಅನ್ನಿಸಿತು. ನನ್ನ ದುಡಿಮೆಯೇ ಮಾತು ದಾಟಿಸುವುದು, ಮನೆಯವರಿಗೆ ಬೇಕಾದಾಗ ದಾಟಿಸಲಿಲ್ಲ.

ನಿನ್ನೆ ಅವರೇ ಫೋನ್ ಮಾಡಿದರು. ರಜೆಯಲ್ಲಿದ್ದರಂತೆ, ನನ್ನ ಕಾಗದ ಆಗಷ್ಟೇ ನೋಡಿದ್ದು.

"ಅಂದ್ರೆ ಆವತ್ತು ಅವರೆಲ್ಲ ಊಟಕ್ಕೆ ಕೂತಿದ್ದು..." ಎಂದರು.

"ಹೌದು ಸಾರ್. ಹಬ್ಬ ಅಂತ ಬಂದಿದ್ರು."

"ನಾನು ಹೂವು ತಂದೆ. ಅಯ್ಯೋ ದೇವರೇ. ನಾನು ಆ ತಾಯಿಗೆ ಹೂವು ಕೊಟ್ಟೆ."

ಈಗಲೇ ಸಹಿ ಹಾಕಿ ಕಳಿಸುತ್ತೇನೆ, ಇಷ್ಟೊಂದು ಕ್ರೂರ ಕೆಲಸ ನನಗೆ ಗೊತ್ತಿಲ್ಲದೆ ನನ್ನಿಂದಾಯಿತು ಎಂದರು. ನನಗೆ ಉಸಿರು ಬಂತು. ನಿನಗೆ ತಕ್ಷಣ ಫೋನ್ ಮಾಡಬೇಕು, ಸಲೂನಿನ ಕಿವಿಗಳೆಲ್ಲ ಕೇಳಲಿ ಎಂದುಕೊಂಡೆ.

ಅಷ್ಟರಲ್ಲಿ ಅವರು ಒಂದು ಮಾತು ಕೇಳಿದರು. "ಹಾಕೋಣ. ಆದ್ರೆ ಆ ಅಧ್ಯಾಯ ತಪ್ಪಿದೆ ಅಂತ ಆ ಹುಡುಗಿಗೆ ಗೊತ್ತಾ? ನಿಮ್ಮಲ್ಲಿ ತಿದ್ದೋಕೆ ಅವಕಾಶವೇ ಇಲ್ಲ ಅಂದ್ರೆ, ಆ ತಪ್ಪು ಅವಳ ಹೆಸರಲ್ಲಿ ಹಾಗೇ ಇರುತ್ತಲ್ಲ? ನಾನು ಆರು ತಿಂಗಳು ಕೊಟ್ಟಿದ್ದು ಅದಕ್ಕೇ."

ನನಗೆ ವಿವರಿಸಿಯೂ ಹೇಳಿದರು. ಕಾಡ್ ಮೀನಿನ ಕಿವಿಯೊಳಗಿನ ಕಲ್ಲಿನಲ್ಲಿ ಮರದ ಉಂಗುರಗಳಂತೆ ಗೆರೆಗಳಿರುತ್ತವೆ, ಅದನ್ನೆಣಿಸಿ ವಯಸ್ಸು ಹೇಳುವುದೇ ಸಿಗ್ನೆಯ ಕೆಲಸವಲ್ಲವೇ. ಒಂದು ಫಿಯೋರ್ಡ್ ಕೊಲ್ಲಿಯ ಮೀನುಗಳಿಗೆಲ್ಲ ಅವಳು ಒಂದು ವರ್ಷ ಹೆಚ್ಚು ಎಣಿಸಿದ್ದಾಳೆ ಎಂದು ಅವರ ನಂಬಿಕೆ. ಎಷ್ಟು ಮೀನು ಹಿಡಿಯಬಹುದು ಎಂದು ಹೇಳುವವರು ನಾಳೆ ಆ ಲೆಕ್ಕವನ್ನೇ ನೆಚ್ಚುತ್ತಾರೆ.

ಒಂದೆರಡು ವಾರ ತಡೆಯಿರಿ ಎಂದೆ ಅವರಿಗೆ. ಏಕೆ ಹಾಗೆಂದೆನೋ ಗೊತ್ತಿಲ್ಲ. ಸಿಗ್ನೆಯನ್ನು ಕೇಳು. ಅವಳು ಹೂಂ ಎಂದರೆ ಮರುದಿನವೇ ಅವಳು ಡಾಕ್ಟರ್.

ಟೋರುನ್

---

ವಾರ್ಡೋ, ೩೦ ಏಪ್ರಿಲ್

ಟೋರುನ್,

ಕೇಳಬೇಕಾಗಿರಲಿಲ್ಲ. ಉತ್ತರ ನನ್ನ ಹತ್ತಿರ ಒಂದು ತಿಂಗಳಿಂದ ಇದೆ.

ಹಡಗಿನ ಡೆಕ್ಕಿನ ಮೇಲೆ ಅವಳು ನನಗೆ ಹೇಳಿದ್ದಳು. ಅಳುತ್ತಿದ್ದಾಳೆಂದು ಶಾಲು ಹೊದಿಸಲು ಹೋದೆ. ಅವಳು ಅಳುತ್ತಿರಲಿಲ್ಲ. "ಅಮ್ಮ, ಅವ್ರು ಆ ಪ್ರಶ್ನೆ ಕೇಳಿದ ಕೂಡ್ಲೇ ನಂಗೆ ಗೊತ್ತಾಯ್ತು, ಅವ್ರು ಹೇಳೋದು ಸರಿ. ಚಿಕ್ಕಮ್ಮಂಗೆ ಹೇಳು, ಸಹಿಗೆ ಅವರನ್ನ ಬೇಡೋದು ಬೇಡ" ಅಂದಳು. ಆಘಾತದಲ್ಲಿ ಏನೋ ಬಡಬಡಿಸುತ್ತಿದ್ದಾಳೆ, ಮನೆಗೆ ಹೋದರೆ ಸರಿಹೋಗುತ್ತಾಳೆ ಎಂದುಕೊಂಡೆ. ಹಾಗೆಂದುಕೊಳ್ಳಲು ನನಗೆ ಇಷ್ಟವಿತ್ತು. ನಿನಗೆ ಬರೆದ ಕಾಗದದಲ್ಲಿ ಆ ಮಾತು ಬಿಟ್ಟೆ. ನೀನು ಒಂದು ಹೊಗಳಿಕೆ ನುಂಗಿದ್ದಕ್ಕೆ ಅಷ್ಟು ಕುಣಿದೆನಲ್ಲ, ನಾನು ಮಗಳ ಮಾತನ್ನೇ ನುಂಗಿದ್ದೆ.

ನಿನ್ನ ಕಾಗದ ಓದಿ ದೋಣಿಮನೆಗೆ ಹೋದೆ. ಸಹಿ ಸಿಗುತ್ತದಂತೆ, ಹೂಂ ಅನ್ನು ಸಾಕು ಎಂದೆ. ಅವಳು ಸೂಕ್ಷ್ಮದರ್ಶಕದ ಮುಂದಿನ ಸ್ಟೂಲಿನಿಂದ ಎದ್ದು ನನ್ನನ್ನು ಕೂರಿಸಿದಳು. "ನೋಡು. ಹೊರಗಡೆ ತೆಳ್ಳಗೆ ಒಂದು ಗೆರೆ ಕಾಣುತ್ತಲ್ಲ, ಅದನ್ನೂ ಒಂದು ಚಳಿಗಾಲ ಅಂತ ಎಣಿಸಿದೀನಿ. ಅಲ್ಲಮ್ಮ. ಆ ವರ್ಷ ನೀರು ಮಧ್ಯದಲ್ಲಿ ತಣ್ಣಗಾಗಿ ಮತ್ತೆ ಬೆಚ್ಚಗಾಗಿತ್ತು ಅಷ್ಟೆ." ನನಗೆ ಬರೀ ಮಂಜು ಕಂಡಿತು, ಆದರೂ ಕಂಡಿತು ಎಂದೆ.

"ಅಂದ್ರೆ ನೀನು ಡಾಕ್ಟರ್ ಆಗಲ್ವಾ?"

"ನಿಯಮದಲ್ಲಿ ಇನ್ನೊಂದು ಸಲ ಸಮರ್ಥನೆ ಮಾಡ್ಬಹುದು ಅಂತಿದೆ, ಆರು ತಿಂಗಳಾದ ಮೇಲೆ. ಅದಕ್ಕೆ ಮೊದಲು ಅವ್ರು ಇಲ್ಲ ಅಂತ ಬರೀಬೇಕು. ಬರೀಲಿ."

"ಊರೆಲ್ಲ ಏನನ್ನುತ್ತೆ, ಸಿಗ್ನೆ?"

"ಈಗ ಏನಂತಿದಾರೋ ಅದನ್ನೇ. ಹವಾಮಾನ."

ಅವಳ ಮೇಲೆ ಕೈ ಎತ್ತುವಷ್ಟು ಸಿಟ್ಟು ಬಂತು ನನಗೆ, ಸುಳ್ಳೇಕೆ ಹೇಳಲಿ. ಕೈಗೆ ಬಂದದ್ದನ್ನು ಯಾರಾದರೂ ಎಸೆಯುತ್ತಾರೆಯೇ? ಒಳಗೆ ಬಂದು ಹೋಕನ್ ಹತ್ತಿರ ಹೇಳಿದೆ, ನಿಮ್ಮ ಮಗಳಿಗೆ ತಲೆ ಕೆಟ್ಟಿದೆ ಎಂದು. ಅವರು ಬಲೆ ಹೊಲಿಯುತ್ತಿದ್ದರು. "ಮೀನಿನ ವಯಸ್ಸು ತಪ್ಪಾಗಿ ಬರೆದಿರೋ ಪುಸ್ತಕದ ಮೇಲೆ ನನ್ನ ಮನೆತನದ ಹೆಸರಾ?" ಎಂದರು. ಆ ದಿನ ಓದದ ಚೀಟಿ ಅವರ ಹಬ್ಬದ ಕೋಟಿನ ಜೇಬಿನಲ್ಲೇ ಇದೆ, ತೆಗೆಯಲು ಹೋದರೆ ಬಿಡಲಿಲ್ಲ. ಇನ್ನೊಂದು ಸಲ ಬೇಕಾಗುತ್ತದಂತೆ.

ನಾನು ಒಬ್ಬಳೇ ಅಡುಗೆಮನೆಯಲ್ಲಿ ಕೂತು ಅತ್ತೆ. ಆಮೇಲೆ ಮುಲ್ತೆ ಜಾಮಿನ ಉಳಿದ ಬಾಟಲಿಗಳನ್ನು ನೆಲಮಾಳಿಗೆಗೆ ಇಳಿಸಿದೆ. ಈ ಮನೆಯಲ್ಲಿ ಅದನ್ನು ನವೆಂಬರಿನವರೆಗೆ ಯಾರೂ ಮುಟ್ಟಕೂಡದು.

ಎದುರಾಳಿ ಅವರೇ ಬರಬೇಕಂತೆ, ಬೇರೆ ಯಾರೂ ಬೇಡವಂತೆ. ಅವರಿಗೆ ಬರೆಯುವುದು ನಿನ್ನ ಕೆಲಸ. ಈ ಸಲ ಏನು ಬರೆಯುತ್ತೀಯೋ ಮೊದಲು ನನಗೆ ತೋರಿಸು.

ಓಲೌಗ್

---

ಬರ್ಗನ್, ೧೨ ಮೇ

ಅಕ್ಕ,

ನಿನ್ನ ಕಾಗದ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಇನ್ನೊಂದು ಸಲ ಸಮರ್ಥನೆ ಮಾಡಬಹುದೆನ್ನುವ ಆ ಕಲಮನ್ನು ಇಂಗ್ಲಿಷ್ ಮಾಡಿದವಳೇ ನಾನು. ಯಾರಿಗೂ ಬೇಕಾಗುವುದಿಲ್ಲ ಎಂದು ಕೊನೆಯಲ್ಲಿ ಅವಸರದಿಂದ ಮುಗಿಸಿದ್ದೆ. ಅದನ್ನು ಕೇಳಿ ಪಡೆಯುವವಳು ನಮ್ಮ ಮನೆಯಲ್ಲೇ ಹುಟ್ಟುತ್ತಾಳೆಂದು ಯಾರಿಗೆ ಗೊತ್ತಿತ್ತು?

ಪ್ರೊಫೆಸರಿಗೆ ಫೋನಿನಲ್ಲಿ ಸಿಗ್ನೆಯ ಮಾತು ಹೇಳಿದೆ. "ಸಹಿ ಬೇಡ ಅಂದ್ಲಾ?" ಎಂದು ಕೇಳಿದರು, ಮತ್ತೆ ಕೇಳಿದರು. "ಇಲ್ಲ" ಎಂದು ಬರೆದು ಕಳಿಸಿದ್ದಾರೆ, ಬರೆಯುವಾಗ ಕೈ ಬರಲಿಲ್ಲವಂತೆ. ಡೀನ್ ಅದನ್ನು ಓದಿ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಯೋಸ್ಟೈನ್ ನನ್ನ ಹೊಸ ಆಮಂತ್ರಣ ನೋಡಿ, "ಇದೇನು ಟೋರುನ್, ಇದರಲ್ಲಿ ಒಂದು ಪಾರಿಭಾಷಿಕ ಪದವೂ ಇಲ್ಲ" ಎಂದ. ಬೇಕಾದರೆ ನೀನೇ ಹಾಕಿಕೋ ಎಂದೆ. ಹಾಕಲಿಲ್ಲ.

ಕೇಳಿದೆಯಲ್ಲ, ಕೆಳಗೆ ನಮ್ಮ ಭಾಷೆಯಲ್ಲಿ ಬರೆದಿದ್ದೇನೆ. ನೀನು ಸರಿ ಎಂದರೆ ಇಂಗ್ಲಿಷ್ ಮಾಡಿ ಕಳಿಸುತ್ತೇನೆ.

"ಮಾನ್ಯರೇ,

ಕಳೆದ ಸಲ ನಿಮಗೆ ನಿಮ್ಮ ಪದಗಳನ್ನು ಕಳಿಸಿದ್ದೆ. ಈ ಸಲ ನಮ್ಮಲ್ಲಿ ನಡೆಯುವುದನ್ನು ಹೇಳುತ್ತೇನೆ. ನಮ್ಮ ಸಭಾಂಗಣದ ಬಾಗಿಲು ತೆರೆದಿರುತ್ತದೆ. ಅಪ್ಪ ಅಮ್ಮ ಹಬ್ಬದ ಬಟ್ಟೆಯಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಾರೆ. ಆ ಹೊತ್ತಿಗೆ ಆಲೂಗೆಡ್ಡೆ ಒಲೆಯ ಮೇಲಿರುತ್ತದೆ, ಪುಸ್ತಕ ಅಚ್ಚಾಗಿರುತ್ತದೆ, ಅದರಲ್ಲಿ ಒಂದು ಸಾಲೂ ಬದಲಾಗುವುದಿಲ್ಲ. ಆದ್ದರಿಂದ ಬೇಡ ಎನ್ನುವುದಿದ್ದರೆ ಅಚ್ಚಿಗೆ ಹೋಗುವ ಮೊದಲು ಹೇಳಿ. ಮೂರನೇ ಅಧ್ಯಾಯವನ್ನು ಸಿಗ್ನೆ ಹೊಸದಾಗಿ ಬರೆದು ಆಗಸ್ಟಿನಲ್ಲಿ ಕಳಿಸುತ್ತಾಳೆ. ಎಷ್ಟು ಬೇಕಾದರೂ ಕಠಿಣವಾಗಿ ಓದಿ ಎಂದು ಅವಳೇ ಕೇಳಿಕೊಂಡಿದ್ದಾಳೆ.

ಸಭೆಯ ದಿನವೂ ಕೇಳಬೇಕಾದ್ದನ್ನೆಲ್ಲ ಕೇಳಿ. ಸಂಜೆ ಊಟಕ್ಕೆ ಬನ್ನಿ. ಹೂವು ತಂದರೆ ಈ ಸಲ ಅದನ್ನು ನೀರಿನಲ್ಲಿ ಇಡುತ್ತಾರೆ. ನಿಮ್ಮನ್ನು ಸಿಗ್ನೆಯ ತಾಯಿಯ ಜೊತೆ ಕೂರಿಸುತ್ತೇವೆ, ಅವಳಿಗೆ ಇಂಗ್ಲಿಷ್ ಬಾರದು. ಇಬ್ಬರ ನಡುವೆ ನಾನು ಇರುತ್ತೇನೆ. ನೀವು ಆಡಿದ್ದನ್ನೆಲ್ಲ ಅವಳಿಗೆ ಹೇಳುತ್ತೇನೆ."

ಟೋರುನ್